ಟಿಕ್ ಹಾಕುವ ಮೊದಲು ಬೆರಳಾಡಿಸು

ಪ್ರೀತಿಯ ಪುಟ್ಟಿಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲ ಕ್ಷೇಮ, ನಿನ್ನ ದೊಡ್ಡಮ್ಮನ ಮಂಡಿನೋವು ಬಿಟ್ಟರೆ. ಭಾನುವಾರ ಫೋನಿನಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲ ಅಂತ ಬೇಜಾರು ಮಾಡಿಕೊಂಡೆಯಂತೆ. ಕೋಪ ಬಂದಿದ್ದು ನಿಜ, ನಿನ್ನ ಮೇಲಲ್ಲ. ವಿಮಾನ ರಿಪೇರಿ ಹ್ಯಾಂಗರಿನಲ್ಲಿ ನಿನ್ನ ಶಿಫ್ಟಿನ ಸೀನಿಯರ್ ಹುಡುಗ "ಈಗ ವಿಒಆರ್ ಯಾರು ನೋಡ್ತಾರೆ, ಎಲ್ಲಾ ಜಿಪಿಎಸ್‌ನಲ್ಲೇ ಹೋಗೋದು, ಸುಮ್ನೆ ಟಿಕ್ ಹಾಕು" ಅಂದನಂತಲ್ಲ, ನೆಲದ ರೇಡಿಯೋ ಕೇಂದ್ರದಿಂದ ವಿಮಾನಕ್ಕೆ ದಿಕ್ಕು ಹೇಳುವ ಉಪಕರಣದ ಬಗ್ಗೆ ಅಂದ ಆ ಮಾತು ತಲೆಯೊಳಗೇ ಕೂತುಬಿಟ್ಟಿತು. ಫೋನಿನಲ್ಲಿ ಹೇಳಿದರೆ ಬೈದ ಹಾಗಾಗುತ್ತದೆ ಅಂತ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಊಟ ಮಾಡಿಕೊಂಡು ಓದು.

ಮೊದಲು ನನ್ನ ಮಾನ ಹೋದ ಕಥೆ. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ ಇರಬೇಕು. ಮಳೆಗಾಲ, ರಾತ್ರಿ ಶಿಫ್ಟು. ಒಂದು ಚಿಕ್ಕ ವಿಮಾನ ತೊಳೆಯಬೇಕಿತ್ತು. ಅದರ ಮೈಮೇಲೆ ಹೊರಗಿನ ಗಾಳಿಯ ಒತ್ತಡವನ್ನು ಎತ್ತರದ ಮೀಟರಿಗೆ ಮುಟ್ಟಿಸುವ ಸ್ಟ್ಯಾಟಿಕ್ ಪೋರ್ಟ್ ಅಂತ ಸಣ್ಣ ತೂತುಗಳಿರುತ್ತವಲ್ಲ, ಸೋಪುನೀರು ಒಳಗೆ ಹೋಗಬಾರದು ಅಂತ ಅದಕ್ಕೆ ಕೆಂಪು ಪಟ್ಟಿ ನೇತಾಡುವ ಮುಚ್ಚಳ ಹಾಕಬೇಕು. ಆವತ್ತು ಒಂದು ಮುಚ್ಚಳ ಸಿಗಲಿಲ್ಲ. ಸ್ಟೋರಿನವನನ್ನು ಎಬ್ಬಿಸಲು ಸೋಮಾರಿತನ. ಬೆಳ್ಳಿ ಬಣ್ಣದ ಟೇಪು ಕೈಗೆ ಸಿಕ್ಕಿತು, ಅಂಟಿಸಿದೆ. ತೊಳೆದಾಯಿತು, ಟೀ ಬಂತು, ಮಳೆ ಜೋರಾಯಿತು, ಶೀಟಿನಲ್ಲಿ "ಮುಚ್ಚಳ ತೆಗೆಯಲಾಗಿದೆ" ಅನ್ನೋ ಸಾಲಿಗೆ ಉಳಿದ ಸಾಲುಗಳ ಜೊತೆಗೇ ಟಿಕ್ ಹಾಕಿ ಸಹಿ ಮಾಡಿದೆ. ಮುಚ್ಚಳ ತೆಗೆದಿದ್ದೆ ನೋಡು, ಅದು ಸುಳ್ಳಲ್ಲ. ಟೇಪು ಮರೆತಿದ್ದೆ.

ಬೆಳಿಗ್ಗೆ ನಮ್ಮ ಹಿರಿಯ ಇನ್ಸ್‌ಪೆಕ್ಟರ್ ಬಂದರು. ಅವರಿಗೆ ಒಂದು ಅಭ್ಯಾಸ. ಟಾರ್ಚ್ ಬಿಟ್ಟು ನೋಡಿದ ಮೇಲೂ ಪ್ರತಿ ತೂತಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು, ದೋಸೆ ಕಾವಲಿ ಕಾದಿದೆಯಾ ಅಂತ ನೋಡುವವರ ಥರ. ಎಡಗಡೆ ಬಂದಾಗ ಬೆರಳು ನಿಂತಿತು. ಉಗುರಿನಿಂದ ಟೇಪು ಕೆರೆದು ತೆಗೆದು, ಏನೂ ಮಾತಾಡದೆ, ನನ್ನ ಶೀಟಿನಲ್ಲಿ ನನ್ನ ಸಹಿಯ ಪಕ್ಕದಲ್ಲೇ ಅಂಟಿಸಿದರು. ಶೀಟು ಬದಲಾಯಿಸಿ ಬರೆಯುತ್ತೇನೆ ಸಾರ್ ಅಂದೆ. ಬೇಡ, ಹಾಗೇ ಫೈಲಿಗೆ ಹೋಗಲಿ ಅಂದರು.

ಅದಾಗಿ ವರ್ಷಗಳ ನಂತರ, 1996ರ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ಹೊರಟ ಏರೋಪೆರು ಕಂಪನಿಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದ ಸುದ್ದಿ ಬಂತು. 70 ಜನ. ಕಾರಣ ಓದಿದ ದಿನ ನನಗೆ ಊಟ ಸೇರಲಿಲ್ಲ. ವಿಮಾನ ಶುಚಿ ಮಾಡುವಾಗ ಸ್ಟ್ಯಾಟಿಕ್ ಪೋರ್ಟಿಗೆ ಹಾಕಿದ್ದ ಟೇಪು ತೆಗೆದಿರಲಿಲ್ಲ. ಹೊಳೆಯುವ ಲೋಹದ ಮೇಲೆ ಹೊಳೆಯುವ ಟೇಪು, ಅದೂ ರಾತ್ರಿ, ಯಾರ ಕಣ್ಣಿಗೂ ಬೀಳಲಿಲ್ಲ.

ಆದರೆ ನಾನು ನಿನಗೆ ಹೇಳಬೇಕಾದ್ದು ಟೇಪಿನ ವಿಷಯ ಒಂದೇ ಅಲ್ಲ. ಆ ಪೈಲಟ್‌ಗಳಿಗೆ ಎತ್ತರದ ಮೀಟರಿನ ಮೇಲೆ ಅನುಮಾನ ಬಂತು. ಕತ್ತಲು, ಕೆಳಗೆ ಸಮುದ್ರ. ಎಷ್ಟು ಎತ್ತರದಲ್ಲಿದ್ದೇವೆ ಹೇಳಿ ಅಂತ ಕೆಳಗಿನ ಕಂಟ್ರೋಲರನ್ನು ಕೇಳಿದರು. ಅವರು ರಾಡಾರ್ ಪರದೆ ನೋಡಿ 9,700 ಅಡಿ ಅಂದರು. ಮೀಟರೂ 9,700 ತೋರಿಸುತ್ತಿತ್ತು. ಎರಡೂ ಒಂದೇ ಹೇಳುತ್ತಿವೆ ಅಂದರೆ ಸರಿ ಇರಬೇಕು, ಅಲ್ವಾ? ಅದೇ ಮೋಸ. ಕಂಟ್ರೋಲರ್ ಪರದೆಗೆ ಎತ್ತರದ ಅಂಕೆ ಬರುವುದು ರಾಡಾರಿಗೆ ಉತ್ತರ ಕಳಿಸುವ ವಿಮಾನದ ಟ್ರಾನ್ಸ್‌ಪಾಂಡರಿನಿಂದ, ಟ್ರಾನ್ಸ್‌ಪಾಂಡರಿಗೆ ಸಿಗುವುದು ಅದೇ ಮುಚ್ಚಿಹೋದ ತೂತಿನ ಗಾಳಿಯಿಂದ. ಅವರ ತಪ್ಪು ಅಂಕೆಯೇ ಸುತ್ತಿ ಬಂದು ಅವರ ಕಿವಿಗೆ ಬಿತ್ತು. ರೇಡಿಯೋ ಆಲ್ಟಿಮೀಟರ್ ಮಾತ್ರ ಗಾಳಿಯ ಒತ್ತಡ ನಂಬುವುದಿಲ್ಲ, ನೆಲಕ್ಕೋ ನೀರಿಗೋ ಸಿಗ್ನಲ್ ಬಿಟ್ಟು ಅಳೆಯುತ್ತದೆ. ಅದನ್ನು ನೋಡಿಕೊಂಡು ಕೂಗುವ ಎಚ್ಚರಿಕೆ ಯಂತ್ರ ಕೆಳಗಿದ್ದೀರಿ, ಕೆಳಗಿದ್ದೀರಿ ಅಂತ ಕೂಗುತ್ತಲೇ ಇತ್ತು. ಅಷ್ಟೆಲ್ಲ ಗಂಟೆ, ಗದ್ದಲದ ನಡುವೆ ನಿಜ ಹೇಳುತ್ತಿದ್ದದ್ದನ್ನು ನಂಬಲು ಆಗಲಿಲ್ಲ. ರೆಕ್ಕೆ ನೀರಿಗೆ ತಾಗಿದಾಗಲೂ ಮೀಟರಿನಲ್ಲಿ 9,700 ಅಡಿಯೇ ಇತ್ತು.

ಕೆಟ್ಟು ನಿಂತ ಉಪಕರಣಕ್ಕೆ ನಾನು ಯಾವತ್ತೂ ಹೆದರಿದವನಲ್ಲ. ಸೂಜಿ ಬಿದ್ದುಹೋಗಿರುತ್ತದೆ, ಕೆಂಪು ಫ್ಲ್ಯಾಗ್ ಬಂದಿರುತ್ತದೆ, ಗೊತ್ತಾಗುತ್ತದೆ. ಸರಿ ಇರುವ ಮುಖ ಮಾಡಿಕೊಂಡು ತಪ್ಪು ಹೇಳುತ್ತದಲ್ಲ, ಅದು ನಿನ್ನ ಶತ್ರು. ನೀನು ಬೇಸರಪಟ್ಟುಕೊಳ್ಳುವ ಆ ನಿಯಮಗಳೆಲ್ಲ ಇರುವುದು ಅದನ್ನು ಹಿಡಿಯಲಿಕ್ಕೆ.

ವಿಒಆರ್ ವಿಷಯವನ್ನೇ ತಗೋ. ಅಮೆರಿಕದ ನಿಯಮ ನನಗೆ ಬಾಯಿಪಾಠ: ಮೋಡದೊಳಗೆ ಮೀಟರ್ ನಂಬಿ ಹಾರುವ ವಿಮಾನದ ವಿಒಆರ್ 30 ದಿನದೊಳಗೆ ಪರೀಕ್ಷೆ ಆಗಿರಬೇಕು, ನೆಲದ ಮೇಲೆ 4 ಡಿಗ್ರಿ, ಹಾರುತ್ತಾ ನೋಡಿದರೆ 6 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಎರಡು ಸೆಟ್ ಇದ್ದರೆ ಒಂದರ ಎದುರು ಇನ್ನೊಂದನ್ನು ಇಟ್ಟು ನೋಡಬಹುದು, ಆದರೆ ಆಂಟೆನಾ ಒಂದು ಬಿಟ್ಟು ಬೇರೆಲ್ಲ ಬೇರೆಬೇರೆ ಇರಬೇಕು ಅಂತ ಬರೆದಿದ್ದಾರೆ. ಯಾಕೆ ಬರೆದಿದ್ದಾರೆ ಅಂತ ಏರೋಪೆರು ಕಥೆ ಕೇಳಿದ ಮೇಲೆ ನಿನಗೆ ನಾನು ಹೇಳಬೇಕಾಗಿಲ್ಲ. ಒಂದು ಡಿಗ್ರಿ ಅಂದರೆ 60 ನಾಟಿಕಲ್ ಮೈಲಿ ದೂರದಲ್ಲಿ ಒಂದು ಮೈಲಿ ಆಚೆ ಈಚೆ. ನಾಲ್ಕು ಡಿಗ್ರಿ ಅಂದರೆ ನಾಲ್ಕು ಮೈಲಿ. ಬಯಲುಸೀಮೆಯಲ್ಲಿ ಪರವಾಗಿಲ್ಲ ಅನ್ನಿಸಬಹುದು, ಘಟ್ಟದ ಮೇಲೆ ಮಳೆಮೋಡದಲ್ಲಿ ಹಾಗನ್ನಿಸುವುದಿಲ್ಲ. ಈ ಅಂಕೆಗಳನ್ನು ನಾನು ಹೇಳಿದೆ ಅಂತ ಬಳಸಬೇಡ. ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಒಪ್ಪಿದ ನಿಮ್ಮ ಮೇಂಟೆನೆನ್ಸ್ ಪ್ರೋಗ್ರಾಂನಲ್ಲಿ, ಆ ವಿಮಾನದ ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದು.

ಇನ್ನು "ಎಲ್ಲಾ ಜಿಪಿಎಸ್" ಅಂದ ಆ ಹುಡುಗನಿಗೆ ಕೇಳು, 2023ರ ನವೆಂಬರಿನಲ್ಲಿ ಡಿಜಿಸಿಎ ಸುತ್ತೋಲೆ ಯಾಕೆ ಹೊರಡಿಸಿತು ಅಂತ. ಪಶ್ಚಿಮ ಏಷ್ಯಾದ ಕಡೆ ಹಾರುವ ವಿಮಾನಗಳಿಗೆ ಯಾರೋ ಸುಳ್ಳು ಜಿಪಿಎಸ್ ಸಿಗ್ನಲ್ ಉಣಿಸುತ್ತಿದ್ದರು. ನಿಜವಾದ ಸಿಗ್ನಲ್ 20,000 ಕಿಲೋಮೀಟರ್ ಮೇಲಿನಿಂದ ಬರುತ್ತದೆ, ಸೊಳ್ಳೆ ದನಿಗಿಂತ ಕಡೆ. ಪಕ್ಕದಲ್ಲಿ ಯಾರಾದರೂ ಜೋರಾಗಿ ಕಿರುಚಿದರೆ ಅದನ್ನೇ ಕೇಳಿಸಿಕೊಳ್ಳುತ್ತದೆ. ಆಗ ಪೈಲಟ್ ಹುಡುಕುವುದು ಈ ಹಳೇ ವಿಒಆರ್, ದೂರ ಹೇಳುವ ಡಿಎಂಇ. ಜಿಪಿಎಸ್ ಕೆಟ್ಟದ್ದು ಅಂತಲ್ಲ, ನಮ್ಮ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ, ಜಿಪಿಎಸ್ ಅನ್ನು ಇನ್ನಷ್ಟು ನಿಖರ ಮಾಡುವ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರ ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ, ನನಗೆ ಅದರ ಬಗ್ಗೆ ಹೆಮ್ಮೆಯೇ. ಆದರೆ ಅದೂ ಒಂದು ಸಾಕ್ಷಿ ಅಷ್ಟೇ. ಒಂದೇ ಸಾಕ್ಷಿ ಇಟ್ಟುಕೊಂಡು ಯಾವ ಪಂಚಾಯ್ತಿಯೂ ನಡೆಯುವುದಿಲ್ಲ.

ಟ್ರಾನ್ಸ್‌ಪಾಂಡರ್ ಪರೀಕ್ಷೆಯನ್ನು ಮಾತ್ರ ಯಾವ ಕಾರಣಕ್ಕೂ ಬೇಗ ಬೇಗ ಮುಗಿಸಬೇಡ. ಅದೇ 1996ರ ನವೆಂಬರ್ 12, ಹರಿಯಾಣದ ಚರ್ಖಿ ದಾದ್ರಿ. ಸೌದಿಯ 747 ದೆಹಲಿಯಿಂದ ಮೇಲೇರುತ್ತಿತ್ತು, 14,000 ಅಡಿಯಲ್ಲಿರಬೇಕು. ಕಜಾಕ್‌ಸ್ತಾನದ ಇಲ್ಯೂಶಿನ್ ಎದುರಿನಿಂದ ಇಳಿಯುತ್ತಿತ್ತು, 15,000 ಅಡಿಯಲ್ಲಿ ನಿಲ್ಲಬೇಕು. ನಿಲ್ಲಲಿಲ್ಲ. 349 ಜನ ಹೋದರು, ಒಬ್ಬರೂ ಉಳಿಯಲಿಲ್ಲ. ಆಗ ದೆಹಲಿಯ ಕಂಟ್ರೋಲರ್ ಪರದೆಯಲ್ಲಿ ವಿಮಾನ ಎಲ್ಲಿದೆ ಅಂತ ಕಾಣುತ್ತಿತ್ತು, ಎಷ್ಟು ಎತ್ತರದಲ್ಲಿದೆ ಅಂತ ಕಾಣುತ್ತಿರಲಿಲ್ಲ. ಅದಾದ ಮೇಲೆ ನಮ್ಮ ದೇಶದಲ್ಲಿ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಕಡ್ಡಾಯ ಆಯಿತು. ಈಗ ಯೋಚನೆ ಮಾಡು, ಟಿಕ್ಯಾಸ್ ಕೆಲಸ ಮಾಡುವುದು ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ಹೇಳುವ ಎತ್ತರ ನಂಬಿ. ನೀನು ಹ್ಯಾಂಗರಿನಲ್ಲಿ ಆಲ್ಟಿಮೀಟರ್, ಅಂದರೆ ಎತ್ತರದ ಮೀಟರಿನ ಅಂಕೆಗೂ ಟ್ರಾನ್ಸ್‌ಪಾಂಡರ್ ಕಳಿಸುವ ಅಂಕೆಗೂ 125 ಅಡಿಯೊಳಗೆ ಹೊಂದಾಣಿಕೆ ಇದೆಯಾ ಅಂತ ನೋಡುತ್ತೀಯಲ್ಲ, ಅದು ನಿನ್ನ ವಿಮಾನದವರಿಗೆ ಮಾತ್ರ ಅಲ್ಲ, ಎದುರಿಗೆ ಬರುವ, ನೀನು ಯಾವತ್ತೂ ನೋಡದ ಇನ್ನೊಂದು ವಿಮಾನದವರಿಗೂ.

ಮೀಟರ್ ಪರೀಕ್ಷೆಗೆ ಗಾಳಿಯ ಒತ್ತಡ ಕೊಡುವ ಟೆಸ್ಟರ್ ಹಚ್ಚುವ ಮೊದಲು ಅದರ ಮೇಲಿನ ಕ್ಯಾಲಿಬ್ರೇಷನ್ ಚೀಟಿಯ ತಾರೀಕು ನೋಡು. ಮುಗಿದಿದ್ದರೆ ನೀನು ಮಾಡಿದ್ದೆಲ್ಲ ದಂಡ. ಒತ್ತಡ ಬಿಡುವಾಗ ನಿಧಾನ, ಕುಕ್ಕರಿನ ವಿಷಲ್ ಎತ್ತಿದ ಹಾಗೆ ಪುಸ್ಸಂತ ಬಿಟ್ಟರೆ ಒಳಗಿನ ಮೀಟರ್ ಸೂಜಿ ಬಡಿದುಕೊಂಡು ಹಾಳಾಗುತ್ತದೆ, ಮತ್ತೆ ಅದು ನಿನ್ನ ತಲೆಗೇ. ಕಾಕ್‌ಪಿಟ್‌ನಲ್ಲಿ ಹೆಡ್‌ಸೆಟ್ಟನ್ನು ದಿಕ್ಸೂಚಿಯ ಹತ್ತಿರ ನೇತುಹಾಕಬೇಡ, ಒಳಗೆ ಅಯಸ್ಕಾಂತ ಇರುತ್ತದೆ.

ನಿಂತ ವಿಮಾನ ಇದ್ದರೆ ವೇಗ ಅಳೆಯಲು ಗಾಳಿ ಹಿಡಿಯುವ ಪಿಟೊ ಟ್ಯೂಬಿಗೆ ಕವರ್ ಹಾಕಿದ್ದಾರಾ ನೋಡು. ನಮ್ಮ ಹಿಂದಿನ ಬಾಗಿಲ ಬೀಗದ ತೂತಿನಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿದ್ದು ನೆನಪಿದೆಯಾ? ನೀನು ಹೇರ್‌ಪಿನ್ನಿನಿಂದ ತೆಗೆದಿದ್ದೆ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ 189 ಜನರಿದ್ದ ವಿಮಾನ ಬಿದ್ದದ್ದು ಪಿಟೊ ಟ್ಯೂಬ್ ಕಟ್ಟಿಕೊಂಡು, ಬಹುಶಃ ಅಂಥದೇ ಗೂಡಿನಿಂದ.

ಎಂಇಎಲ್, ಅಂದರೆ ಯಾವ ದೋಷ ಇಟ್ಟುಕೊಂಡು ಎಷ್ಟು ದಿನ ಹಾರಬಹುದು ಅನ್ನೋ ಪಟ್ಟಿ, ಅದರ ಬಗ್ಗೆ ಒಂದೇ ಮಾತು. ಬಿ ವರ್ಗ ಅಂದರೆ ದೋಷ ಕಂಡ ದಿನ ಬಿಟ್ಟು 3 ದಿನದೊಳಗೆ ರಿಪೇರಿ ಆಗಬೇಕು, ಸಿ ಅಂದರೆ 10. ನಾಲ್ಕನೇ ದಿನ ಅದೇ ದೋಷವನ್ನು ಬೇರೆ ಮಾತಿನಲ್ಲಿ ಹೊಸದಾಗಿ ಬರೆದು ದಿನ ಎಣಿಕೆ ಮತ್ತೆ ಶುರು ಮಾಡುವ ಬುದ್ಧಿವಂತರು ಇರುತ್ತಾರೆ. ಆ ಪೆನ್ನು ನಿನ್ನದಾಗಬಾರದು.

ಈಗ ನಿನಗೆ ಲೈಸೆನ್ಸ್ ಇಲ್ಲ, ವಿಮಾನ ಹಾರಬಹುದು ಅಂತ ಹಾಕುವ ರಿಲೀಸ್ ಸಹಿ ಬೇರೆಯವರದ್ದು ಅಂತ ನೀನು ಅಂದುಕೊಳ್ಳಬಹುದು. ಅವರು ನಿನ್ನ ಟಿಕ್ ನೋಡಿಯೇ ಸಹಿ ಹಾಕುವುದು. ಸೀನಿಯರ್ ಜೊತೆ ಜಗಳ ಬೇಡ. "ನನಗೆ ಇನ್ನೂ ಸ್ಪೀಡ್ ಬಂದಿಲ್ಲ ಅಣ್ಣ, ಒಂದು ಸಲ ಮಾಡಿಬಿಡ್ತೀನಿ" ಅಂತ ಹೇಳಿ ಮಾಡು. ದಡ್ಡಿ ಅಂತ ಅಂದುಕೊಂಡರೆ ಅಂದುಕೊಳ್ಳಲಿ. ಅದಕ್ಕೂ ಒಪ್ಪದೆ ಮಾಡದ ಪರೀಕ್ಷೆಗೇ ಟಿಕ್ ಹಾಕು ಅಂದರೆ ಹಾಕಬೇಡ, ಇನ್‌ಚಾರ್ಜ್ ಹತ್ತಿರ ಹೋಗು, ರಾತ್ರಿ ಎಷ್ಟು ಹೊತ್ತಾಗಿದ್ದರೂ ನನಗೂ ಫೋನ್ ಮಾಡು.

ಶನಿವಾರ ನಿಮ್ಮಪ್ಪ ಬರುವಾಗ ಒಂದು ಡಬ್ಬಿ ಕಳಿಸುತ್ತಿದ್ದೇನೆ. ದೊಡ್ಡಮ್ಮ ಮಾಡಿದ ಹುರಿಗಡಲೆ ಚಟ್ನಿಪುಡಿ ಮೇಲಿದೆ. ಕೆಳಗೆ ನನ್ನ ಹಳೇ ಇನ್ಸ್‌ಪೆಕ್ಷನ್ ಕನ್ನಡಿ ಇದೆ, ಹಿಡಿ ಸ್ವಲ್ಪ ಸಡಿಲ ಆಗಿತ್ತು, ಟೇಪು ಸುತ್ತಿದ್ದೇನೆ. ಕೆಂಪು ಟೇಪು.

ಇಂತಿ,
ನಿನ್ನ ದೊಡ್ಡಪ್ಪ