ತಬಲಾ ಮಂಚದ ಕೆಳಗೆ ಸೇರಿತು

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಹತ್ತಿ ಗಿರಣಿಗಳ ಈ ಊರು ವಿದ್ಯಾನಗರಿಯಾಗಿಯೂ ಬೆಳೆಯಿತು. ಜಗಳೂರು, ಹೊನ್ನಾಳಿ ಕಡೆಯಿಂದ ಮೆಕ್ಕೆಜೋಳ ಮಾರಿದ ಹಣದಲ್ಲಿ ಶುಲ್ಕ ಕಟ್ಟಿ ಮಕ್ಕಳನ್ನು ಇಲ್ಲಿಗೆ ಕಳುಹಿಸುವ ಹೆತ್ತವರು ಮೊದಲು ನೌಕರಿಯ ಮಾತೆತ್ತುವುದನ್ನು ನಾನು ತಪ್ಪೆನ್ನಲಾರೆ. ನನ್ನ ತಂದೆಯೂ ಅವರಲ್ಲೊಬ್ಬರು.

ಆದರೆ ಹೈಸ್ಕೂಲಿನಿಂದ ನುಡಿಸುತ್ತಿದ್ದ ನನ್ನ ತಬಲಾ ಎರಡು ವರ್ಷಗಳಿಂದ ಹಾಸ್ಟೆಲಿನ ಮಂಚದ ಕೆಳಗೆ ಗೋಣಿಚೀಲದಲ್ಲಿದೆ. ಕಳೆದ ತಿಂಗಳು ಬಿಚ್ಚಿ ನೋಡಿದರೆ ಡಗ್ಗಾದ (ಎಡಗೈಯಲ್ಲಿ ನುಡಿಸುವ ದೊಡ್ಡ ತಬಲಾ) ಕಪ್ಪು ಲೇಪ ಬಿರುಕು ಬಿಟ್ಟಿತ್ತು. ಸಂಜೆ ತರಗತಿ ಮುಗಿಯುತ್ತಿದ್ದಂತೆ ಏಳು ಗಂಟೆಯವರೆಗೆ ಉದ್ಯೋಗ ತರಬೇತಿ, ಊಟವಾದ ಮೇಲೆ ರೆಕಾರ್ಡ್ ಬರೆಯುವ ಕೆಲಸ. ಭಾನುವಾರ ಅಣಕು ಪರೀಕ್ಷೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಪದವಿಗೆ, ತರಗತಿಯ ಹೊರಗಿನ ಕೆಲಸಗಳಿಗೆ ಕೊಡುವ 100 ಚಟುವಟಿಕೆ ಅಂಕಗಳನ್ನು ಕಡ್ಡಾಯಗೊಳಿಸಿದೆಯಾದರೂ, ಗಿಡ ನೆಟ್ಟು ಫೋಟೊ ತೆಗೆಸಿಕೊಂಡು ಪ್ರಮಾಣಪತ್ರ ಕೂಡಿಹಾಕುವುದರಲ್ಲೇ ಅದು ಮುಗಿಯುತ್ತಿದೆ (ನಾನೂ ಹಾಗೆಯೇ ಮಾಡಿದ್ದೇನೆ).

ಕಂಪನಿ ನಾಟಕಗಳನ್ನು ಸಾಕಿದ ಊರು ನಮ್ಮದು. ವೃತ್ತಿ ರಂಗಭೂಮಿಗೆಂದೇ ಮೀಸಲಾದ ರಂಗಾಯಣವೂ ಈ ಜಿಲ್ಲೆಯಲ್ಲಿದೆ. ಕಾಲೇಜುಗಳು ವಾರಕ್ಕೆ ಎರಡು ಸಂಜೆಗಳನ್ನು ತರಬೇತಿಯಿಂದ ಮುಕ್ತಗೊಳಿಸಿ, ಸಂಗೀತ, ನಾಟಕ, ಆಟಗಳಿಗೆ ಕೊಠಡಿ ಮತ್ತು ಮೈದಾನವನ್ನು ತೆರೆದಿಡಲಿ. ಅದಕ್ಕೆ ಅಂಕ, ಹಾಜರಾತಿ ಯಾವುದೂ ಬೇಡ.

– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ