ಚಿನ್ನಕ್ಕೆ ದರ ಇದೆ, ಕಾರ್ಡಿಗೆ ಯಾಕಿಲ್ಲ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸಂಗ್ರಹದ ಹವ್ಯಾಸ ಇರುವವರ ಬಗ್ಗೆ ಬಂದ ಬರಹ ಓದಿದೆ. ನಾಣ್ಯ, ಅಂಚೆಚೀಟಿ, ಬೆಂಕಿಪೊಟ್ಟಣ ಎಲ್ಲದರ ಬಗ್ಗೆ ಚೆಂದವಾಗಿ ಬರೆದಿದ್ದಾರೆ. ಆದರೆ ನಿಜವಾದ ಸಂಗ್ರಾಹಕ ತನ್ನ ಸಂಗ್ರಹವನ್ನು ಯಾವತ್ತೂ ಮಾರುವುದಿಲ್ಲ ಎನ್ನುವ ಅರ್ಥದ ಒಂದು ಮಾತು ಅದರಲ್ಲಿತ್ತು. ಅದು ನನ್ನ ಮನಸ್ಸಿಗೆ ನಾಟಿತು. ಈ ಮಳೆಗಾಲದಲ್ಲಿ ನಾನು ನನ್ನ ಕ್ರಿಕೆಟ್ ಕಾರ್ಡುಗಳನ್ನೆಲ್ಲ ಮಾರಿದ್ದೇನೆ. ಪ್ರೀತಿ ಕಮ್ಮಿಯಾಗಿ ಮಾರಿದ್ದಲ್ಲ.

ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡುವವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆಗ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ಸಿಗುತ್ತದೆ ನಿಜ. ಆದರೆ ಮಾಲೀಕರ ಕೈಯಲ್ಲೂ ದುಡ್ಡಿರುವುದಿಲ್ಲ. ಆಗಸ್ಟ್‌ನಲ್ಲಿ ಬಲೆಗೆ ಮೀನು ಬಿದ್ದ ಮೇಲೆಯೇ ನಮ್ಮ ಕೂಲಿ. ಇಂಥ ಹೊತ್ತಿನಲ್ಲೇ ಹೆಂಡತಿಗೆ ಬೆನ್ನಿನ ಆಪರೇಷನ್ ಆಗಬೇಕಾಯಿತು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು 2022ರಲ್ಲಿ ಇಲ್ಲಿನ ಜನ ಎಷ್ಟು ದೊಡ್ಡ ದನಿ ಎತ್ತಿದರು ಎಂಬುದು ನಿಮಗೆ ಗೊತ್ತೇ ಇದೆ. ನಾವು ಮಣಿಪಾಲಕ್ಕೆ ಹೋದೆವು. ಸರ್ಕಾರದ ಆರೋಗ್ಯ ಯೋಜನೆಯಿಂದ ಸ್ವಲ್ಪ ಹೊರೆ ಇಳಿಯಿತು. ಓಡಾಟ, ರೂಮು, ಔಷಧಿ, ಮನೆ ಖರ್ಚು ನಮ್ಮ ತಲೆಯ ಮೇಲೇ ಉಳಿಯಿತು. ಮೊದಲು ಬಳೆ ಅಡ ಇಟ್ಟೆವು. ಆಮೇಲೆ ಕಾರ್ಡುಗಳ ಡಬ್ಬ ತೆಗೆದೆ.

ಆ ಡಬ್ಬದಲ್ಲಿ ಏನಿತ್ತು ಎಂದು ಹೇಳಲೇಬೇಕು. ನಾವು ಶಾಲೆಗೆ ಹೋಗುವಾಗ ಬಿಗ್ ಫನ್ ಎಂಬ ಬಬಲ್ ಗಮ್ ಬರುತ್ತಿತ್ತು. ಅದರ ಜೊತೆ ಕ್ರಿಕೆಟಿಗರ ಚಿತ್ರ. ಚಿತ್ರದ ಹಿಂದೆ ಇಷ್ಟು ರನ್, ಇಷ್ಟು ವಿಕೆಟ್ ಎಂದು ಅಚ್ಚಾಗಿರುತ್ತಿತ್ತು. ಅದನ್ನು ಕೂಡಿಸಿ ಅಂಗಡಿಗೆ ಕೊಟ್ಟರೆ ಬಹುಮಾನ. ನನ್ನ ಗೆಳೆಯರೆಲ್ಲ ಕೊಟ್ಟರು. ನಾನು ಕೊಡಲಿಲ್ಲ. ಕಪಿಲ್ ದೇವ್ ಮುಖ ಕೊಟ್ಟು ಬೇರೆ ಏನೋ ತರುವುದು ನನಗೆ ಆಗಲೇ ಇಲ್ಲ. ಹಾಗೆ ಎಲ್ಲರೂ ಕೊಟ್ಟುಬಿಟ್ಟಿದ್ದರಿಂದಲೇ ಇರಬೇಕು, ಅವು ಇವತ್ತು ಒಳ್ಳೆಯ ಸ್ಥಿತಿಯಲ್ಲಿ ಸಿಗುವುದು ಕಷ್ಟ. ಆಮೇಲೆ ಆಟಗಾರರ ಅಂಕಿಅಂಶ ಹೋಲಿಸಿ ಆಡುವ ಟ್ರಂಪ್ ಕಾರ್ಡುಗಳು ಬಂದವು. 1996ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಕುಂಬ್ಳೆ ಮತ್ತು ಶ್ರೀನಾಥ್ ಒಂಬತ್ತನೇ ವಿಕೆಟ್‌ಗೆ ಮುರಿಯದ 52 ರನ್ ಸೇರಿಸಿ ಪಂದ್ಯ ಗೆದ್ದುಕೊಟ್ಟರಲ್ಲ, ಅದಾದ ಮೇಲೆ ಆ ಇಬ್ಬರ ಕಾರ್ಡು ಎಲ್ಲೇ ಸಿಕ್ಕಿದರೂ ನಾನು ಬಿಡುತ್ತಿರಲಿಲ್ಲ.

ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಮಾವ ಒಮ್ಮೆ ಅಮೆರಿಕದ ಬಂದರಿನಿಂದ ಬೇಸ್‌ಬಾಲ್ ಕಾರ್ಡುಗಳನ್ನೂ ತಂದುಕೊಟ್ಟಿದ್ದರು. ಟಾಪ್ಸ್ ಕಂಪನಿಯ 1987ರವು. ಸುತ್ತಲೂ ಮರದ ಹಲಗೆಯ ಹಾಗೆ ಕಾಣುವ ಅಂಚು. ಅವರ ಪ್ಯಾಕೆಟ್‌ನಲ್ಲೂ ಬಬಲ್ ಗಮ್ ಇರುತ್ತಿತ್ತು. ಅದರ ಕಲೆ ಒಂದು ಕಾರ್ಡಿಗೆ ಅಂಟಿಕೊಂಡೇ ಇತ್ತು.

ಕಾರವಾರದಲ್ಲಿ ಕಾಗದ ಕಾಪಾಡುವುದು ಸುಲಭದ ಕೆಲಸವಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ, ಜೊತೆಗೆ ಉಪ್ಪುಗಾಳಿ. ಜುಲೈನಲ್ಲಿ ಗೋಡೆಗೇ ಬೂಷ್ಟು ಬರುತ್ತದೆ. ನಾನು ಸ್ಟೀಲ್ ಡಬ್ಬದಲ್ಲಿಟ್ಟೆ. ಔಷಧಿ ಬಾಟಲಿಗಳಲ್ಲಿ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಒಳಗೆ ಹಾಕಿದೆ. ಬಿಸಿಲು ಬಂದಾಗ ನೆರಳಲ್ಲಿ ಹರಡಿ ಗಾಳಿಗಿಟ್ಟೆ. ಲ್ಯಾಮಿನೇಷನ್ ಮಾಡಿಸು ಎಂದು ಎಷ್ಟೋ ಜನ ಹೇಳಿದರು. ಮಾಡಿಸಲಿಲ್ಲ. ಲ್ಯಾಮಿನೇಷನ್ ಆದ ಕಾರ್ಡಿಗೆ ಸಂಗ್ರಾಹಕರು ಬೆಲೆ ಕೊಡುವುದಿಲ್ಲ. ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಈಗಲೂ ಯಾರ ಮನೆಯಲ್ಲಾದರೂ ಇಂಥವು ಇದ್ದರೆ ದಯವಿಟ್ಟು ಆ ಕೆಲಸ ಮಾಡಬೇಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಳೆ ಅಡ ಇಡಲು ಹೋದಾಗ ನಮ್ಮನ್ನು ಯಾರೂ ಸತಾಯಿಸಲಿಲ್ಲ. ಆವತ್ತಿನ ಚಿನ್ನದ ದರ ನಿಮ್ಮ ಪತ್ರಿಕೆಯಲ್ಲೇ ಇತ್ತು. ತೂಕ ಹಾಕಿದರು, ಲೆಕ್ಕ ಹೇಳಿದರು, ರಸೀದಿ ಕೊಟ್ಟರು. ಅಡಿಕೆಗೆ ಶಿರಸಿಯ ದರ ಬರುತ್ತದೆ. ಕಾರ್ಡಿಗೆ ಇಂಥದ್ದು ಯಾವುದೂ ಇಲ್ಲ. ಕಾರ್ಡು ಕೊಳ್ಳಲು ಫೋನ್ ಮಾಡಿದವರೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ನಿರೀಕ್ಷೆ ಎಷ್ಟು? ಎರಡನೇ ಪ್ರಶ್ನೆ: ಯಾಕೆ ಮಾರುತ್ತಿದ್ದೀರಿ? ಆಸ್ಪತ್ರೆ ಖರ್ಚು ಎಂದು ಹೇಳಿದ ಕೂಡಲೇ ಬೆಲೆ ಇಳಿಯುತ್ತಿತ್ತು. ಒಬ್ಬರು ಡಬ್ಬ ಸಮೇತ ಮೂರು ಸಾವಿರ ಎಂದರು. ಇನ್ನೊಬ್ಬರು ಮೊದಲು ಕೊರಿಯರ್ ಮಾಡಿ, ನೋಡಿ ಆಮೇಲೆ ಹೇಳ್ತೀನಿ ಎಂದರು. ಅವರೂ ಕಾರ್ಡು ಪ್ರೀತಿಸುವವರೇ. ಬೆಲೆ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆ ಅಂತರದಲ್ಲೇ ಅವರ ಲಾಭ. ಇದು ನನಗೆ ತುಂಬಾ ನೋವು ಕೊಟ್ಟಿತು.

ಹಾಗಂತ ಡಬ್ಬದಲ್ಲಿ ಲಕ್ಷಾಂತರ ಇದೆ ಎಂದೂ ನಾನು ಅಂದುಕೊಂಡಿರಲಿಲ್ಲ. ಅಮೆರಿಕದಲ್ಲಿ ಮಿಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಟಾಪ್ಸ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯಿತು. ಆ ಸುದ್ದಿ ಓದಿದವರು ಹಳೆಯ ಕಾರ್ಡೆಲ್ಲ ಚಿನ್ನ ಎಂದುಕೊಳ್ಳುತ್ತಾರೆ. ಆದರೆ 1952ರ ಮಾರಾಟವಾಗದ ಕಾರ್ಡುಗಳನ್ನು ಕಂಪನಿಯವರೇ ಆಮೇಲೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು ಎಂದು ಹೇಳುತ್ತಾರೆ. ಉಳಿದಿರುವುದೇ ಸ್ವಲ್ಪ. 1980ರ ದಶಕದ ಕೊನೆಗೆ ಅಲ್ಲಿ ಲೆಕ್ಕವಿಲ್ಲದಷ್ಟು ಕಾರ್ಡು ಅಚ್ಚು ಹಾಕಿದರು, ಜನ ಎಲ್ಲವನ್ನೂ ಜೋಪಾನವಾಗಿ ಎತ್ತಿಟ್ಟರು. ಹಾಗಾಗಿ ಮಾವ ತಂದ ಮರದ ಅಂಚಿನ ಕಾರ್ಡುಗಳಿಗೆ ಹೆಚ್ಚೇನೂ ಬೆಲೆ ಇಲ್ಲ. ಅಲ್ಲಿ ಕಾರ್ಡಿನ ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವಿನಲ್ಲಿ ಕೂತಿದೆಯೇ ಎಂದು ನೋಡಿ 1ರಿಂದ 10ರವರೆಗೆ ಅಂಕ ಕೊಡುವ ಸಂಸ್ಥೆಗಳಿವೆ. ಯಾವ ಅಂಕದ ಕಾರ್ಡು ಎಷ್ಟಕ್ಕೆ ಹೋಯಿತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಕಷ್ಟದಲ್ಲಿ ಮಾರುವವನಿಗೆ ಅದೇ ದೊಡ್ಡ ರಕ್ಷಣೆ, ಅಲ್ವಾ?

ಕೊನೆಗೆ ಬೆಂಗಳೂರಿನ ಒಬ್ಬರು ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಕಾರವಾರಕ್ಕೇ ಬಂದರು. ಯಾಕೆ ಮಾರುತ್ತಿದ್ದೀರಿ ಎಂದು ಕೇಳಲೇ ಇಲ್ಲ. ಕೈ ತೊಳೆದು ಒರೆಸಿಕೊಂಡು ಒಂದೊಂದೇ ಕಾರ್ಡು ನೋಡಿದರು. ಯಾವುದಕ್ಕೆ ಎಷ್ಟು ಎಂದು ಅವರೇ ಹಾಳೆಯಲ್ಲಿ ಬರೆದು ತೋರಿಸಿದರು. ಯಾಕೆ ಅಷ್ಟು ಎಂದು ವಿವರಿಸಿದರು. ಕಪಿಲ್, ಬಿನ್ನಿ, ಶ್ರೀಕಾಂತ್ ಈ ಮೂವರ ಕಾರ್ಡುಗಳಿಗೇ ಮೊದಲಿನವರು ಇಡೀ ಡಬ್ಬಕ್ಕೆ ಹೇಳಿದ್ದಕ್ಕಿಂತ ಜಾಸ್ತಿ ಬಂತು. ಬೇಸ್‌ಬಾಲ್ ಕಾರ್ಡು ನನಗೆ ಬೇಡ, ಸುಮ್ನೆ ಕಡಿಮೆಗೆ ತಗೊಂಡು ಹೋಗಲ್ಲ ಎಂದು ವಾಪಸ್ ಇಟ್ಟರು. ಅವರ ಮೇಲೆ ನನಗೆ ಇವತ್ತಿಗೂ ಗೌರವ ಇದೆ.

ಸಂಗ್ರಾಹಕರಿಗೆ ನಾನು ಕೇಳುವುದು ಇಷ್ಟೇ. ಮಾರಲು ಬಂದವನ ಬಾಯಿಂದ ಬೆಲೆ ಹೊರಡಿಸಬೇಡಿ, ನೀವು ಮೊದಲು ಹೇಳಿ. ನಿಮ್ಮ ನಿಮ್ಮೊಳಗೆ ಯಾವ ಕಾರ್ಡು ಎಷ್ಟಕ್ಕೆ ಕೈ ಬದಲಾಯಿತು ಎಂಬುದನ್ನು ಎಲ್ಲರಿಗೂ ಕಾಣುವ ಹಾಗೆ ಬರೆದಿಡಿ. ಮಾರಿದವನಿಗೆ ಹೇಗಪ್ಪಾ ಮನಸ್ಸು ಬಂತು ಎಂದು ಕೇಳಬೇಡಿ. ನನ್ನನ್ನು ಗೆಳೆಯರೇ ಹಾಗೆ ಕೇಳಿದ್ದಾರೆ. ಬಳೆ ಅಡ ಇಟ್ಟದ್ದಕ್ಕೆ ಯಾರೂ ಹಾಗೆ ಕೇಳಲಿಲ್ಲ.

ನಿಮ್ಮ ಪುರವಣಿಗೂ ಒಂದು ಬೇಡಿಕೆ. ಸಂಗ್ರಹದ ಬಗ್ಗೆ ಮತ್ತೆ ಬರೆಯುವಾಗ, ಕಷ್ಟ ಬಂದರೆ ಇವನ್ನು ಹೇಗೆ ಮಾರಬೇಕು, ಎಲ್ಲಿ ಬೆಲೆ ವಿಚಾರಿಸಬೇಕು, ಅಂಚೆಯಲ್ಲಿ ಕಳಿಸುವಾಗ ವಿಮೆ ಹೇಗೆ ಮಾಡಿಸಬೇಕು ಎಂಬುದನ್ನೂ ಬರೆಯಿಸಿ. ನಮ್ಮಂಥವರ ಮನೆಗಳ ಅಟ್ಟದ ಮೇಲೆ ಇಂಥ ಡಬ್ಬಗಳು ಇನ್ನೂ ಇವೆ.

ಮಾರುವ ಮೊದಲು ಮಗಳು ಎಲ್ಲ ಕಾರ್ಡುಗಳ ಎರಡೂ ಬದಿಯ ಫೋಟೋ ತೆಗೆದಿಟ್ಟಿದ್ದಾಳೆ. ಜಿಲ್ಲೆಯ ಯಾವುದೇ ಶಾಲೆಗೆ, ಗ್ರಂಥಾಲಯಕ್ಕೆ ಬೇಕಿದ್ದರೆ ದುಡ್ಡಿಲ್ಲದೆ ಕೊಡುತ್ತೇವೆ. ನಿಮ್ಮ ಕಾರವಾರ ಕಚೇರಿಯಲ್ಲಿ ನನ್ನ ನಂಬರ್ ಕೊಟ್ಟಿದ್ದೇನೆ.

ಇಂತಿ,
ಬೈತಖೋಲದ ಒಬ್ಬ ಓದುಗ, ಕಾರವಾರ