ಈ ವಾರದ ಡಿಫೆಂಡರ್: ಕೋಲೋ ಟೂರೆ

ಎಲ್ರೂ ನೋಡ್ಕೊಳ್ರಪ್ಪಾ, ಈ ವಾರ ಗ್ರೂಪಲ್ಲಿ ಐವರಿ ಕೋಸ್ಟ್‌ನ ಫುಟ್ಬಾಲ್ ಡಿಫೆಂಡರ್ ಕೋಲೋ ಟೂರೆ ಬಗ್ಗೆ ಮಾತ್ರ ಮಾತು, ಅವನ ತಮ್ಮ ಯಾಯಾನ ಗೋಲ್ ವಿಡಿಯೋ ಹಾಕಿ ದಾರಿ ತಪ್ಪಿಸ್ಬೇಡಿ. 2002ರಲ್ಲಿ ಅಬಿಜಾನ್‌ನ ಆಸೆಕ್ ಮಿಮೋಸಾಸ್ ಕ್ಲಬ್‌ನಿಂದ ಇಂಗ್ಲೆಂಡ್‌ನ ಆರ್ಸೆನಲ್‌ಗೆ ಬಂದಾಗ ರೇಟು ಬರೀ ಒಂದೂವರೆ ಲಕ್ಷ ಪೌಂಡು, ಟ್ರಯಲ್‌ನಲ್ಲಿ ಕೋಚ್ ವೆಂಗರ್‌ಗೇ ಟ್ಯಾಕಲ್ ಹಾಕಿದ್ನಂತೆ ಪುಣ್ಯಾತ್ಮ, ಆದ್ರೂ ತಗೊಂಡ್ರು ನೋಡಿ! ಆಮೇಲೆ ಸೆಂಟರ್ ಬ್ಯಾಕ್ (ಡಿಫೆನ್ಸ್‌ನ ನಡುವೆ ಆಡೋನು) ಮಾಡಿ ಇನ್ನೊಬ್ಬ ಡಿಫೆಂಡರ್ ಸೋಲ್ ಕ್ಯಾಂಪ್‌ಬೆಲ್ ಪಕ್ಕ ನಿಲ್ಸಿದ್ರು, 2003-04ರಲ್ಲಿ ಟೀಮು ಪ್ರೀಮಿಯರ್ ಲೀಗಲ್ಲಿ ಒಂದೂ ಮ್ಯಾಚ್ ಸೋಲದೆ ಚಾಂಪಿಯನ್ ಆಯ್ತು. 2011ರಲ್ಲಿ ಡ್ರಗ್ ಟೆಸ್ಟ್ ಬ್ಯಾನು, 2012ರಲ್ಲಿ ಮ್ಯಾಂಚೆಸ್ಟರ್ ಸಿಟಿ ಜೊತೆ ಮತ್ತೆ ಅದೇ ಲೀಗ್ ಗೆಲುವು, 2015ರಲ್ಲಿ ಘಾನಾ ಮೇಲೆ ಪೆನಾಲ್ಟಿಲಿ 9-8 ಗೆದ್ದು ಐವರಿ ಕೋಸ್ಟ್‌ಗೆ ಆಫ್ರಿಕಾ ಕಪ್. ನಂಗಂತೂ 2006ರ ಚಾಂಪಿಯನ್ಸ್ ಲೀಗ್ ಸೆಮೀಸಲ್ಲಿ ಸ್ಪೇನ್‌ನ ವಿಲ್ಲಾರಿಯಲ್‌ಗೆ ಅವನು ಹೊಡೆದ ಗೋಲೇ ಟಾಪು. ಆ ಮ್ಯಾಚಿಂದು ಫುಲ್ ವಿಡಿಯೋ ಯಾರ್ಹತ್ರ ಇದ್ರೂ ಹಾಕಿ, ರೀಲ್ಸ್ ಬೇಡ.